ಬಿಎಸ್ಸಿ ಅಗ್ರಿ ಓದಿ ಕಬ್ಬಿನ ಸಸಿ ಮಾರೋಕೆ ಕೂತ ಹುಡುಗಿ: ಮಂಡ್ಯದ ಒಂದು ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಇದರಲ್ಲಿ ಹುಡುಗಿ ಹೆಸರು, ಊರು, ಕಾಲೇಜು, ಬ್ಯಾಂಕು ಯಾವುದೂ ಬರಲ್ಲ. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಊರು ಅಂತ ತಿಳ್ಕೊಂಡ್ರೆ ಸಾಕು, ಗುರುತು ಸಿಗಬಾರ್ದು ಅಂತ ಒಂದೆರಡು ವಿವರ ಬದಲಾಯ್ಸಿದೀನಿ. ನಾನು ಬ್ಯಾಂಕಲ್ಲಿ ಸಾಲದ ಫೈಲ್ ನೋಡ್ಕೊಂಡೇ ರಿಟೈರ್ ಆದವನು, ಈಗ ಕಾಲೇಜಿನೋರು ಉದ್ಯಮಶೀಲತಾ ಶಿಬಿರ ಅಂತ ಕರೀತಾರೆ, ಹೋಗಿ ಸಾಲ ಸಬ್ಸಿಡಿ ಬಗ್ಗೆ ಮಾತಾಡಿ ಬರ್ತೀನಿ. ಶಿಬಿರ ಹೇಗಿರುತ್ತೆ ಅಂತ ನಿಮಗೂ ಗೊತ್ತು, ಬ್ಯಾನರ್ರು, ಅತಿಥಿಗೆ ಶಾಲು ಹಾರ, "ಕೆಲಸ ಹುಡುಕೋರಾಗ್ಬೇಡಿ, ಕೆಲಸ ಕೊಡೋರಾಗಿ" ಅಂತ ಭಾಷಣ, ಮಧ್ಯಾಹ್ನ ಪಲಾವು, ಸಂಜೆ ಸರ್ಟಿಫಿಕೇಟು, ಗ್ರೂಪ್ ಫೋಟೊ. ಅದಾದ್ಮೇಲೆ ಆ ಮಕ್ಕಳಲ್ಲಿ ಯಾರು ಏನಾದ್ರು ಅಂತ ಯಾರೂ ಕೇಳಲ್ಲ. ಈ ಹುಡುಗಿ ವಿಷಯದಲ್ಲಿ ಮಾತ್ರ ಶುರುವಿಂದ ಇವತ್ತಿನ ತನಕ ನೋಡೋಕೆ ಸಿಕ್ತು, ಅದಕ್ಕೇ ಬರೀತಿದೀನಿ.

ಹಿನ್ನೆಲೆ

ಹುಡುಗಿ ಬಿಎಸ್ಸಿ ಅಗ್ರಿ, 2021ರಲ್ಲಿ ಮುಗಿಸಿದ್ದು, ಅಂದ್ರೆ ಕೋವಿಡ್ ಬ್ಯಾಚು, ಕೊನೆ ಕೊನೆಗೆ ಪಾಠ ಎಲ್ಲ ಮೊಬೈಲಲ್ಲೇ. ಅಗ್ರಿ ಓದಿದವ್ರ ಮುಂದೆ ಇರೋ ದಾರಿ ಗೊತ್ತಿರೋದೇ, ಕೆಪಿಎಸ್‌ಸಿಲಿ ಕರೆದ್ರೆ ಕೃಷಿ ಅಧಿಕಾರಿ, ಇಲ್ಲ ಬ್ಯಾಂಕಲ್ಲಿ ಫೀಲ್ಡ್ ಆಫೀಸರ್, ಇಲ್ಲ ಎಂಎಸ್ಸಿ, ಯಾವುದೂ ಆಗ್ಲಿಲ್ಲ ಅಂದ್ರೆ ಬೀಜ ಗೊಬ್ಬರದ ಕಂಪನಿ. ಇವಳೂ ಮೈಸೂರಲ್ಲಿ ಪಿಜಿ ಹಿಡಿದು ಕೋಚಿಂಗ್ ಸೇರಿದ್ಲು. ಮನೇಲಿ ಎರಡೆಕರೆ ಗದ್ದೆ, ಕಬ್ಬು, ಸ್ವಲ್ಪ ಭತ್ತ, ಡೈರಿಗೆ ಹಾಲು ಹಾಕೋಕೆ ಎರಡು ಹಸ. ಅಪ್ಪನ ಆಸೆ ಒಂದೇ, ಮಗಳು ಗವರ್ನಮೆಂಟ್ ಕೆಲಸಕ್ಕೆ ಹೋಗ್ಬೇಕು, ಗದ್ದೆ ಕಡೆ ತಲೆನೂ ಹಾಕ್ಬಾರ್ದು.

ಅಪ್ಪನ್ನ ತಪ್ಪು ಅನ್ನೋಕೂ ಆಗಲ್ಲ. ಬೇಸಾಯ ಮಾಡೋ ಹುಡುಗ್ರಿಗೆ ಹೆಣ್ಣೇ ಸಿಗ್ತಿಲ್ಲ ಅಂತ 2023ರ ಫೆಬ್ರವರಿಲಿ ನಮ್ಮ ಮಂಡ್ಯದಿಂದ ಮಾದಪ್ಪನ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆನೇ ಹೊರಟಿತ್ತಲ್ಲ. ಹೆಣ್ಣುಮಗು ಓದಿ ವಾಪಸ್ ಬಂದು ಮಣ್ಣು ಮುಟ್ತೀನಿ ಅಂದ್ರೆ ಅಪ್ಪಂಗೆ ಹೇಗಾಗ್ಬೇಡ. "ಓದ್ಸಿದ್ದು ಇದ್ಕೇನವ್ವಾ, ಇದ್ನ ಮಾಡಕೆ ನಾನಿಲ್ವಾ" ಅಂದ್ರಂತೆ.

ಇವಳ ತಲೇಲಿ ಕೂತಿದ್ದು ಕಬ್ಬಿನ ಸಸಿ ನರ್ಸರಿ. ಓದೋವಾಗ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಲ್ಲಿ ನೋಡಿದ್ಲು. ನಮ್ಮ ಕಡೆ ಈಗಲೂ ಹೆಚ್ಚಿನೋರು ಕಬ್ಬಿನ ತುಂಡು ನೆಡೋದು, ಎಕರೆಗೆ ಮೂರು ಟನ್ ಬಿತ್ತನೆ ಕಬ್ಬು ಮಣ್ಣಿಗೆ ಹೋಗುತ್ತೆ, 2022-23ರ ಎಫ್‌ಆರ್‌ಪಿ, ಅಂದ್ರೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡೋ ಬೆಲೆ, ಕ್ವಿಂಟಾಲ್‌ಗೆ 305 ರೂಪಾಯಿ ಇತ್ತು, ಆ ಲೆಕ್ಕ ಹಿಡಿದ್ರೂ ಒಂಬತ್ತು ಸಾವಿರ ದಾಟ್ತು. ಸಸಿ ಪದ್ಧತೀಲಿ ಕಬ್ಬಿನ ಕಣ್ಣು, ಅಂದ್ರೆ ಗೆಣ್ಣಿನ ಮೊಗ್ಗು ಮಾತ್ರ ಚಿಪ್ಪಿನ ಥರ ಕೆತ್ತಿ ತೆಗೀತಾರೆ, ಔಷಧಿ ನೀರಲ್ಲಿ ಅದ್ದಿ, ಗೋಣಿಚೀಲ ಮುಚ್ಚಿ ಕಾವು ಕೊಟ್ಟು, ಮೊಳಕೆ ಒಡೆದ್ಮೇಲೆ ತೆಂಗಿನ ನಾರಿನ ಪುಡಿ ತುಂಬಿರೋ ಟ್ರೇಗೆ ಹಾಕ್ತಾರೆ, ಒಂದು ತಿಂಗಳಲ್ಲಿ ನೆಡೋಕೆ ರೆಡಿ. ಕಣ್ಣು ತೆಗೆದು ಉಳಿದ ಕಬ್ಬು ದಂಡ ಆಗಲ್ಲ, ಸೀದಾ ಆಲೆಮನೆಗೆ ಹೋಗುತ್ತೆ. ನಾಲ್ಕಡಿ ಸಾಲಲ್ಲಿ ಎರಡಡಿಗೊಂದು ನೆಟ್ರೆ ಎಕರೆಗೆ ಸುಮಾರು 5,400 ಸಸಿ. ರೈತಂಗೆ ನಿಜವಾದ ಲಾಭ ಇರೋದು ನೀರಲ್ಲಿ, ಮೊದಲ ಒಂದು ತಿಂಗಳು ಗದ್ದೆಗೆ ಹಾಯಿಸೋ ನೀರು ಉಳೀತು.

ಕೋಚಿಂಗ್ ಬಿಟ್ಟು ಬಂದವಳು ಅಗ್ರಿ ಕ್ಲಿನಿಕ್ ಯೋಜನೆಯ 45 ದಿನದ ಟ್ರೈನಿಂಗ್ ಮುಗಿಸಿದ್ಲು. ಈ ಯೋಜನೆ 2002ರಿಂದ ಇದೆ, ಕೃಷಿ ಪದವೀಧರರು ಸ್ವಂತ ಕೆಲಸ ಶುರು ಮಾಡ್ಲಿ ಅಂತಾನೇ ಮಾಡಿದ್ದು, ಟ್ರೈನಿಂಗ್ ಫ್ರೀ, ಸಾಲ ಬ್ಯಾಂಕಿಂದ, ಸಬ್ಸಿಡಿ ನಬಾರ್ಡ್ ಅನ್ನೋ ಕೃಷಿ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಮೂಲಕ. ಒಬ್ಬರಿಗೆ 20 ಲಕ್ಷದ ಪ್ರಾಜೆಕ್ಟ್ ತನಕ ಅವಕಾಶ, ಸಬ್ಸಿಡಿ ಸಾಮಾನ್ಯರಿಗೆ 36 ಪರ್ಸೆಂಟು, ಹೆಣ್ಮಕ್ಕಳಿಗೆ 44.

ಸಮಸ್ಯೆ ಶುರುವಾಗಿದ್ದು ಈ 44ರಿಂದಲೇ

ಒಂದು ಶಿಬಿರದಲ್ಲಿ ಮಾತು ಮುಗಿಸಿ ಕೆಳಗಿಳಿದಾಗ ಸ್ಪೈರಲ್ ಬೈಂಡಿಂಗ್ ಮಾಡ್ಸಿದ್ದ ಪ್ರಾಜೆಕ್ಟ್ ರಿಪೋರ್ಟ್ ಹಿಡ್ಕೊಂಡು ಬಂದ್ಲು. "ಸರ್, ಒಂದ್ಸಲ ನೋಡ್ತೀರಾ?" ನೋಡಿದೆ. ಪೂರ್ತಿ 20 ಲಕ್ಷ! ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸು, ಮಂಜಿನ ಥರ ನೀರು ಸಿಂಪಡಿಸೋ ಫಾಗರ್ರು, ಆಫೀಸ್ ರೂಮು, ಒಂದು ಗೂಡ್ಸ್ ಗಾಡಿ ಕೂಡ. ಇಷ್ಟು ಯಾಕಮ್ಮ ಅಂದ್ರೆ, ರಿಪೋರ್ಟ್ ಟೈಪ್ ಮಾಡಿಕೊಟ್ಟವ್ರು "20 ಹಾಕಿದ್ರೆ 8 ಲಕ್ಷದ 80 ಸಾವಿರ ಸಬ್ಸಿಡಿ ಬರುತ್ತೆ, ಕಮ್ಮಿ ಹಾಕಿ ಯಾಕೆ ಬಿಡ್ತೀರ" ಅಂದಿದ್ರಂತೆ.

ನಮ್ಮ ಪದವೀಧರ ಮಕ್ಕಳಿಗೆ ಆಗ್ತಿರೋ ದೊಡ್ಡ ಅನ್ಯಾಯ ಅಂದ್ರೆ ಇದೇ. ಸಬ್ಸಿಡಿ ಅಂದ್ರೆ ಕೈಗೆ ಬರೋ ದುಡ್ಡು ಅಂದ್ಕೋತಾರೆ, ಈ ಥರ ಯೋಜನೇಲಿ ಅದು ಬ್ಯಾಂಕಲ್ಲಿ ಪ್ರತ್ಯೇಕವಾಗಿ ಕೂತಿರುತ್ತೆ, ಅಷ್ಟು ಭಾಗಕ್ಕೆ ಬಡ್ಡಿ ಬೀಳಲ್ಲ ಅನ್ನೋದು ನಿಜ, ಆದ್ರೆ ಕಂತು ಸರಿಯಾಗಿ ಕಟ್ಕೊಂಡು ಬಂದ್ರೆ ಕೊನೇಲಿ ಸಾಲಕ್ಕೆ ವಜಾ ಆಗೋದು. ಮಧ್ಯೆ ಕೈಸೋತ್ರೆ ಸಬ್ಸಿಡಿ ವಾಪಸ್ ಹೋಗುತ್ತೆ, ಸಾಲ ಮಾತ್ರ ಇಲ್ಲೇ ಉಳ್ಕೊಳುತ್ತೆ. ಇದನ್ನ ಶಿಬಿರದಲ್ಲಿ ಯಾರೂ ಬಿಡಿಸಿ ಹೇಳಲ್ಲ, ಹೇಳಿದ್ರೆ ಮಕ್ಕಳ ಉತ್ಸಾಹ ಇಳಿದು ಹೋಗುತ್ತಂತೆ.

ಇನ್ನೊಂದು ಸಿಕ್ಕು ಇತ್ತು. ಅಷ್ಟು ದೊಡ್ಡ ಸಾಲಕ್ಕೆ ಜಮೀನು ಅಡಮಾನ ಕೇಳ್ತಾರೆ, ಜಮೀನು ಇನ್ನೂ ತೀರಿಹೋದ ತಾತನ ಹೆಸರಲ್ಲಿತ್ತು. ಪೌತಿ ಖಾತೆ, ಅಂದ್ರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರ್ಲಿಲ್ಲ, ಅಪ್ಪನ ಅಣ್ಣ ತಮ್ಮಂದಿರ ಮಧ್ಯೆ ಮಾತಿಲ್ಲ. ಮಂಡ್ಯ ಕಡೆ ಅರ್ಧ ಫೈಲುಗಳು ಇಲ್ಲೇ ಸಾಯೋದು. ಹುಡುಗ್ರು ಬಿಸಿನೆಸ್ ಐಡಿಯಾ ಸರಿಯಿಲ್ಲ ಅಂತ ತಲೆ ಕೆಡಿಸ್ಕೊಂಡಿರ್ತಾರೆ, ತೊಡಕು ಇರೋದು ಪಹಣೀಲಿ.

ನಾನು ರಿಪೋರ್ಟ್ ವಾಪಸ್ ಕೊಟ್ಟು ಒಂದೇ ಮಾತು ಕೇಳ್ದೆ, ನಿನ್ನ ಹತ್ರ ಸಸಿ ತಗೊಳ್ತೀನಿ ಅಂತ ಬಾಯಿಬಿಟ್ಟು ಹೇಳಿರೋ ರೈತರು ಎಷ್ಟು ಜನ, ಹೆಸರು ಬರ್ಕೊಂಡು ಬಾ. ಮುಖ ಸಣ್ಣಗಾಯ್ತು, ಹೋದ್ಲು. ಇಂಥ ಮಾತಿಗೆ ಹೆಚ್ಚಿನೋರು ತಿರುಗಿ ಬರಲ್ಲ. ಇವಳು ಬಂದ್ಲು, ನೋಟ್‌ಬುಕ್ಕಲ್ಲಿ ಹದಿನಾಲ್ಕು ಹೆಸರು, ಹೆಸರಿನ ಮುಂದೆ ಎಷ್ಟು ಎಕರೆ, ಯಾವ ತಳಿ, ಯಾವ ತಿಂಗಳು ನೆಡ್ತಾರೆ, ನೀರು ನಾಲೆದೋ ಬೋರ್‌ದೋ. ಅದೂ ಅಲ್ಲದೆ ಬೇಡ ಅಂದವ್ರ ಪಟ್ಟಿನೂ ಕೊನೇ ಪುಟದಲ್ಲಿ ಇತ್ತು, ಯಾಕೆ ಬೇಡ ಅಂದ್ರು ಅನ್ನೋದರ ಸಮೇತ. "ಸಸಿ ತರ್ಸಿದ್ದೆ, ಅರ್ಧ ಒಣಗೋಯ್ತು", "ಒಸಿ ದುಬಾರಿ ಆಯ್ತದೆ", "ನಿಮ್ಮಪ್ಪ ನೆಡ್ಲಿ, ನೋಡವ". ಆ ಕೊನೇ ಪುಟ ನೋಡಿದ್ಮೇಲೆ ಈ ಹುಡುಗಿ ಜೊತೆ ಓಡಾಡ್ಬೋದು ಅನ್ನಿಸ್ತು.

ಏನೇನ್ ಮಾಡಿದ್ಲು

ಮೊದಲು ಅಪ್ಪನ ಗದ್ದೇಲೇ ಅರ್ಧ ಎಕರೆ ಸಸಿ ನೆಡ್ಸಿದ್ಲು. ಅಪ್ಪ ಅಷ್ಟು ಸುಲಭಕ್ಕೆ ಒಪ್ಪಿದ್ದಲ್ಲ, ಒಂದು ಕರಾರು ಆಯ್ತು, ಎರಡು ಯುಗಾದಿ ತನಕ ಟೈಮು, ಅಷ್ಟರೊಳಗೆ ಕೈಗೆ ಏನೂ ಹತ್ತಲಿಲ್ಲ ಅಂದ್ರೆ ಮತ್ತೆ ಕೋಚಿಂಗು, ಗಂಡು ನೋಡೋ ಮಾತು ಅಲ್ಲಿವರೆಗೂ ಎತ್ತಂಗಿಲ್ಲ. ಈ ಕರಾರು ಬಹಳ ಕೆಲಸ ಮಾಡ್ತು ಅಂತ ಈಗ ಅನ್ಸುತ್ತೆ, ಯಾಕಂದ್ರೆ ದಿನಾ ಊಟಕ್ಕೆ ಕೂತಾಗ ಆಗ್ತಿದ್ದ ಜಗಳ ನಿಂತೋಯ್ತು, ನೆಂಟರು ಬಂದು ಕೇಳಿದ್ರೆ ಅಮ್ಮನೇ "ಇನ್ನೊಂದ್ ಯುಗಾದಿ ಕಳೀಲಿ" ಅನ್ನೋರು.

ಪ್ರಾಜೆಕ್ಟು ನಾಲ್ಕೂವರೆ ಲಕ್ಷಕ್ಕೆ ಇಳೀತು. ಪಾಲಿಹೌಸ್ ಬದ್ಲು ಐದು ಗುಂಟೇಲಿ ಕಲ್ಲುಕಂಬ ನಿಲ್ಸಿ ಮೇಲೆ ಹಸಿರು ನೆರಳು ಬಲೆ, ಕಣ್ಣು ತೆಗೆಯೋ ಕೈಮಿಷನ್ನು, ಟ್ರೇ, ಒಂದು ಸಿಂಟೆಕ್ಸ್ ಟ್ಯಾಂಕು, ಉಳಿದದ್ದು ಓಡಾಟದ ಬಂಡವಾಳ. ಗಾಡಿ ಬಾಡಿಗೇದು. ಸಾಲ ಸಣ್ಣದಾಗಿದ್ರಿಂದ ಜಮೀನು ಅಡ ಇಡೋ ಮಾತೇ ಬರ್ಲಿಲ್ಲ, ಪೌತಿ ಖಾತೆ ಜಗಳನೂ ಎದ್ದೇಳ್ಲಿಲ್ಲ. ಸಬ್ಸಿಡಿ ಎರಡು ಲಕ್ಷದ ಆಸುಪಾಸು, ಅದನ್ನ ಮರೆತುಬಿಡು, ಇಲ್ಲ ಅಂತಲೇ ಲೆಕ್ಕ ಹಾಕು ಅಂದಿದ್ದೆ.

2022ರಲ್ಲಿ ಮಳೆ ಚೆನ್ನಾಗಾಗಿ ಕೆಆರ್‌ಎಸ್ ತುಂಬಿತ್ತು, ಅಪ್ಪನ ಅರ್ಧ ಎಕರೆ ರಸ್ತೆ ಪಕ್ಕದ್ದು, ಒಂದೇ ಸಮ ಎದ್ದಿದ್ದ ಪೈರು ನೋಡಿ ಜನ ಕೇಳೋಕೆ ಶುರು ಮಾಡಿದ್ರು. ಸಸಿ ಎರಡೂಕಾಲು ರೂಪಾಯಿಗೆ ಹೋಗ್ತಿತ್ತು. ಹೋಗ್ತಿತ್ತು ಅಂದ್ರೆ ಗದ್ದೆಗೆ ಹೋಗ್ತಿತ್ತು, ದುಡ್ಡು ಬರ್ತಿರ್ಲಿಲ್ಲ.

ಉದ್ರಿ. ಊರೋರೆಲ್ಲ ದೊಡ್ಡಪ್ಪ, ಚಿಕ್ಕಪ್ಪ, ಮಾವ. "ಕೊಡ್ತೀನಿ ಬುಡವ್ವ, ಎಲ್ಲೋಯ್ತೀನಿ, ಕಬ್ಬು ಕಡಿಲಿ" ಅಂತಾರೆ, ಕಬ್ಬು ಕಡಿಯೋದು ಹನ್ನೆರಡು ತಿಂಗಳಿಗೆ, ಆಮೇಲೆ ಫ್ಯಾಕ್ಟರಿ ಬಿಲ್ಲು ಯಾವಾಗ ಆಗುತ್ತೋ. ಇವಳ ಕಂತು ತಿಂಗಳು ತಿಂಗಳು ಬೀಳುತ್ತೆ, ಕಣ್ಣು ಕೆತ್ತೋ ಹೆಂಗಸ್ರಿಗೆ ಶನಿವಾರ ಶನಿವಾರ ಕೂಲಿ ಕೊಡ್ಬೇಕು. ಓದಿರೋ ಹುಡುಗಿ, ಬಾಯಿಬಿಟ್ಟು ದುಡ್ಡು ಕೇಳೋಕೆ ನಾಚಿಕೆ. ಡಿಗ್ರೀಲಿ ಕಬ್ಬಿನ ಕೆಂಪು ಕೊಳೆ ರೋಗ ಹೇಳ್ಕೊಟ್ಟಿದ್ರು, ದೊಡ್ಡಪ್ಪನ ಹತ್ರ ಬಾಕಿ ವಸೂಲಿ ಮಾಡೋದು ಹೇಳ್ಕೊಟ್ಟಿರ್ಲಿಲ್ಲ. ಟ್ರೇಗಳ ಕಥೆ ಬೇರೆ, ಸಸಿ ಜೊತೆ ಹೋದ ಟ್ರೇ ವಾಪಸ್ ಬರ್ತಿರ್ಲಿಲ್ಲ, ಒಬ್ಬರ ಮನೇಲಿ ಅದರ ತುಂಬ ಕೊತ್ತಂಬರಿ ಬೆಳೆದಿದ್ರು, ಇನ್ನೊಬ್ಬರ ಮನೇಲಿ ಕೋಳಿಮರಿ ಗೂಡಿಗೆ ಮುಚ್ಚಳ ಆಗಿತ್ತು!

ಇಲ್ಲಿ ಅವಳು ತಗೊಂಡ ತೀರ್ಮಾನವೇ ನನ್ನ ಪ್ರಕಾರ ಮೊದಲ ತಿರುವು. ಮದ್ದೂರಲ್ಲಿ ಒಂದು ಬಿಲ್ ಬುಕ್ ಪ್ರಿಂಟ್ ಹಾಕ್ಸಿದ್ಲು. ಅರ್ಧ ದುಡ್ಡು ಬುಕಿಂಗಲ್ಲಿ, ಉಳಿದರ್ಧ ಗಾಡಿ ಹತ್ಸೋವಾಗ, ಟ್ರೇಗೆ ಬೇರೆ ಡೆಪಾಸಿಟ್ಟು, ಅಡ್ವಾನ್ಸ್ ಇಲ್ದೆ ಟ್ರೇ ತುಂಬಲ್ಲ ಅಂತ ಚೀಟೀಲೇ ಅಚ್ಚು. ಬಾಯಲ್ಲಿ ಹೇಳೋಕೆ ಆಗದೇ ಇದ್ದದ್ದನ್ನ ಚೀಟಿ ಹೇಳ್ತು, "ನಂದಲ್ಲ ದೊಡ್ಡಪ್ಪ, ಬ್ಯಾಂಕ್ನೋರು ರೂಲ್ಸ್ ಮಾಡವ್ರೆ" ಅಂತ ನಮ್ಮ ಮೇಲೆ ಹಾಕೋಳು, ಹಾಕ್ಲಿ ಬಿಡಿ, ಬ್ಯಾಂಕಿನೋರು ಇರೋದೇ ಅದಕ್ಕೆ. ಮೊದಲ ಪಟ್ಟಿಯ ಹದಿನಾಲ್ಕರಲ್ಲಿ ಐದು ಜನ ಮುನಿಸ್ಕೊಂಡು ಬಿಟ್ಟು ಹೋದ್ರು. ಒಬ್ಬರು ಈಗಲೂ ಮಾತಾಡಲ್ಲ. ಉಳಿದವ್ರು ಗೊಣಗ್ಕೊಂಡೇ ಕೊಟ್ರು.

2023

ಆ ವರ್ಷ ಏನಾಯ್ತು ಅಂತ ಮಂಡ್ಯದೋರಿಗೆ ಹೇಳ್ಬೇಕಾಗಿಲ್ಲ. ಮುಂಗಾರು ಕೈಕೊಡ್ತು, ಕಟ್ಟೆ ತುಂಬಲಿಲ್ಲ, ಇರೋ ನೀರನ್ನೂ ತಮಿಳುನಾಡಿಗೆ ಬಿಡಿ ಅಂತ ಆದೇಶ, ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ಅವಳ ಅಪ್ಪ ಸರ್ ಎಂವಿ ಪ್ರತಿಮೆ ಹತ್ರ ಧರಣೀಲಿ ಕೂತಿದ್ರು, ನೆರಳಲ್ಲಿ ಮಗಳ ಸಸಿ ಟ್ರೇಲಿ ಕೂತಿತ್ತು. ಬುಕ್ ಮಾಡಿದ್ದವ್ರು ಒಬ್ಬೊಬ್ಬರೇ ಫೋನ್ ಮಾಡಿ "ಈ ಸಲ ಬ್ಯಾಡ ಕಣವ್ವ, ಇರೋ ಬೆಳೆಗೇ ನೀರಿಲ್ಲ" ಅಂದ್ರು. ಕಡಿಮೆ ಅಂದ್ರೂ ನಲವತ್ತು ಸಾವಿರ ಸಸಿ. ಅದೇನು ಬೆಲ್ಲ ಅಲ್ಲ ಗೋಡೌನಲ್ಲಿ ಇಡೋಕೆ, ಒಂದೂವರೆ ತಿಂಗಳು ದಾಟಿದ್ರೆ ಬೇರು ಟ್ರೇ ಗುಂಡೀಲೇ ಸುತ್ಕೊಂಡು ಗಂಟಾಗುತ್ತೆ, ನೆಟ್ರೂ ಏಳಲ್ಲ.

ಅಡ್ವಾನ್ಸ್ ಕೊಟ್ಟಿದ್ದವ್ರ ದುಡ್ಡು ಏನ್ ಮಾಡೋದು ಅನ್ನೋದೇ ದೊಡ್ಡ ಪ್ರಶ್ನೆ ಆಯ್ತು. ಚೀಟಿ ಪ್ರಕಾರ ವಾಪಸ್ ಕೊಡ್ಬೇಕಾಗಿಲ್ಲ. ಅವಳು ಅದನ್ನ ಇಟ್ಕೊಳ್ಳಲೂ ಇಲ್ಲ, ವಾಪಸ್ಸೂ ಕೊಡ್ಲಿಲ್ಲ, ಚೀಟಿ ಹಿಂದೆ "ನೀರು ಬಂದಾಗ ಅದೇ ರೇಟಲ್ಲಿ ಸಸಿ" ಅಂತ ಬರೆದು ಸೈನ್ ಹಾಕಿ ಕೊಟ್ಲು. ಕಾನೂನು ಪುಸ್ತಕದಲ್ಲಿ ಇದಕ್ಕೆ ಏನಂತಾರೋ, ಊರಲ್ಲಿ ಇದಕ್ಕೆ ಬಹಳ ಬೆಲೆ ಸಿಕ್ತು.

ಟ್ರೇಲಿದ್ದ ಸಸಿಗೆ ದಾರಿ ತೋರ್ಸಿದ್ದು ನಾನೂ ಅಲ್ಲ, ಅವಳ ಡಿಗ್ರಿನೂ ಅಲ್ಲ, ಕಣ್ಣು ಕೆತ್ತೋಕೆ ಬರ್ತಿದ್ದ ಒಬ್ಬ ಅಜ್ಜಿ. "ಕೂಳೆ ಕಬ್ಬಲ್ಲಿ ಮಧ್ಯ ಮಧ್ಯ ಹಲ್ಲು ಬಿದ್ದಂಗೆ ಖಾಲಿ ಇರ್ತದಲ್ಲ, ಅದ್ಕೆ ತುಂಬ್ಸಕೆ ಕೊಡವ್ವ, ಬೋರ್ ಇರೋರು ತಕ್ಕತಾರೆ." ಕೂಳೇಲಿ, ಅಂದ್ರೆ ಕಡಿದ ಬುಡದಿಂದ ಮತ್ತೆ ಚಿಗುರೋ ಕಬ್ಬಲ್ಲಿ, ಖಾಲಿ ಜಾಗ ತುಂಬ್ಸೋದು ಪಠ್ಯಪುಸ್ತಕದಲ್ಲೂ ಇದೆ, ಇವಳು ಪರೀಕ್ಷೇಲಿ ಬರೆದೂ ಇದ್ಲಂತೆ, ಸಮಯಕ್ಕೆ ನೆನಪಾಗಿರ್ಲಿಲ್ಲ ಅಷ್ಟೇ. ಬೋರ್‌ವೆಲ್ ಇರೋ ಗದ್ದೆ ಹುಡುಕ್ಕೊಂಡು ಲಗೇಜ್ ಆಟೋದಲ್ಲಿ ಟ್ರೇ ಹಾಕ್ಕೊಂಡು ಮಳವಳ್ಳಿ ಕಡೆ ತನಕ ತಿರುಗಿದ್ಲು. ಎಕರೆಗೆ ಐದು ಸಾವಿರ ಬೇಕಾಗಿಲ್ಲ, ಒಬ್ಬೊಬ್ಬರಿಗೆ ಐನೂರು, ಆರುನೂರು, ಹಾಗಾಗಿ ಎಲ್ಲರೂ ಕೈಲೇ ದುಡ್ಡು ಕೊಟ್ರು. ಅರ್ಧಕ್ಕಿಂತ ಹೆಚ್ಚು ಹೀಗೆ ಖರ್ಚಾಯ್ತು. ಉಳಿದದ್ದು ತಿಪ್ಪೆಗೆ ಹೋಯ್ತು, ಅದನ್ನ ಸುತ್ತಿ ಬಳಸಿ ಹೇಳೋದ್ ಬೇಡ.

ಆಮೇಲೆ ನೆರಳು ಬಲೆ ಕೆಳಗೆ ಖಾಲಿ ಬಿಡ್ಬಾರ್ದು ಅಂತ 98 ಗುಂಡಿ ಟ್ರೇ ತಂದು ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಚೆಂಡು ಹೂವಿನ ಸಸಿ ಶುರು ಮಾಡಿದ್ಲು. ಮೂರು ನಾಲ್ಕು ವಾರದಲ್ಲಿ ಸಸಿ ರೆಡಿ, ಗಿರಾಕಿ ದುಡ್ಡು ತಂದೇ ಬರ್ತಾರೆ, ಡ್ರಿಪ್ಪಲ್ಲಿ ಸ್ವಲ್ಪ ನೀರಿದ್ರೂ ಬೆಳೀತಾರೆ. ಆ ಬರಗಾಲದಲ್ಲಿ ಬ್ಯಾಂಕಿನ ಕಂತು ಕಟ್ಟಿದ್ದು ತರಕಾರಿ ಸಸಿ. ಒಂದೆರಡು ಕಂತು ತಡವಾಯ್ತು, ತಡವಾಗೋ ಮೊದಲೇ ಮ್ಯಾನೇಜರ್ ಹತ್ರ ಹೋಗಿ ಹೇಳಿ ಬಂದಿದ್ಲು. ಸಾಲಗಾರರು ಇಷ್ಟು ಮಾಡಿದ್ರೆ ಎಷ್ಟೋ ಖಾತೆ ಎನ್‌ಪಿಎ, ಅಂದ್ರೆ ಕಂತು ನಿಂತ ಸಾಲ, ಆಗೋದು ತಪ್ಪುತ್ತೆ, ಆದ್ರೆ ನಮ್ಮ ಜನ ಕಷ್ಟ ಬಂದ ಕೂಡ್ಲೇ ಫೋನ್ ಸ್ವಿಚಾಫ್ ಮಾಡ್ತಾರೆ.

ಡಿಸೆಂಬರಲ್ಲಿ ಒಂದು ಬೀಜದ ಕಂಪನಿ ಬೆಂಗ್ಳೂರಿಗೆ ಕರೀತು, ತಿಂಗಳಿಗೆ 28 ಸಾವಿರ. ಕರಾರಿನ ಎರಡನೇ ಯುಗಾದಿನೂ ಹತ್ರ ಬರ್ತಿತ್ತು. ಹೋಗ್ಬಿಡ್ತಾಳೆ ಅಂದ್ಕೊಂಡೆ, ಹೋದ್ರೂ ತಪ್ಪಿರ್ಲಿಲ್ಲ. ಬೇಡ ಅಂದಿದ್ದು ಅಪ್ಪ! ಮಗಳ ಸಾಹಸಕ್ಕೆ ಮೆಚ್ಚಿ ಅಂದ್ಕೋಬೇಡಿ. "ಇವ್ಳು ಹೊಂಟೋದ್ರೆ ಆ ಕಂತು ನಾನ್ ಕಟ್ಟೀನಾ ಸಾ?" ಅಂತ ನನ್ನನ್ನೇ ಕೇಳಿದ್ರು. ಸಾಲ ಸಣ್ಣದಿತ್ತು, ತರಕಾರಿ ಸಸಿಯಿಂದ ಕಟ್ಟೋಕೆ ಆಗ್ತಿತ್ತು, ಅದಕ್ಕೇ ಅವರು ಹಾಗೆ ಲೆಕ್ಕ ಹಾಕೋಕೆ ಆಗಿದ್ದು. 20 ಲಕ್ಷದ್ದಾಗಿದ್ರೆ ಅವರೇ ಬಸ್ ಹತ್ಸಿ ಬರೋರು.

2024ರ ಜುಲೈಲಿ ಕೆಆರ್‌ಎಸ್ 124.80 ಅಡಿ ಮುಟ್ತು, ಅಂದ್ರೆ ಕಟ್ಟೆ ಪೂರ್ತಿ ತುಂಬ್ತು. ಚೀಟಿ ಹಿಡ್ಕೊಂಡವ್ರು ಬಂದ್ರು, ಹಳೇ ರೇಟಿಗೇ ಕೊಟ್ಲು, ನಾರಿನ ಪುಡಿ ರೇಟು ಏರಿದ್ರಿಂದ ಆ ಸಸೀಲಿ ಏನೂ ಉಳೀಲಿಲ್ಲ, ಆದ್ರೆ ಅವ್ರ ಜೊತೆ ಅವ್ರ ಭಾವ, ಷಡ್ಡಕ ಎಲ್ಲ ಬಂದಿದ್ರು, ಅವ್ರಿಗೆ ಹೊಸ ರೇಟು.

ಇದರಿಂದ ಕಂಡಿದ್ದು

ಈಗ ಖರ್ಚೆಲ್ಲ ಕಳೆದು ಒಳ್ಳೆ ತಿಂಗಳಲ್ಲಿ ಆ ಕಂಪನಿ ಸಂಬಳಕ್ಕಿಂತ ಜಾಸ್ತಿ ಉಳಿಯುತ್ತೆ, ಕೆಟ್ಟ ತಿಂಗಳಲ್ಲಿ ಅರ್ಧನೂ ಇಲ್ಲ. ನಾಲ್ಕು ಜನ ಹೆಂಗಸ್ರಿಗೆ ವರ್ಷದಲ್ಲಿ ಹೆಚ್ಚು ದಿನ ಕೆಲಸ ಇದೆ. ಅದೇ ಶಿಬಿರದಲ್ಲಿ ಇವಳ ಪಕ್ಕ ಕೂತಿದ್ದ ಒಬ್ಬ ಹುಡುಗ ಎರೆಗೊಬ್ಬರ ಶುರು ಮಾಡಿ ಕೈಬಿಟ್ಟು ಗೊಬ್ಬರದ ಕಂಪನಿ ಸೇಲ್ಸಿಗೆ ಸೇರ್ಕೊಂಡ, ಆರಾಮಾಗಿದಾನೆ, ಇವಳಿಗೆ ಔಷಧಿ ಸಪ್ಲೈ ಮಾಡೋದೂ ಅವನೇ. ಅವನನ್ನ ಫೇಲ್ ಅಂತ ಬರೆಯೋದು ನನಗೆ ಸರಿ ಕಾಣಲ್ಲ, ಎಲ್ಲ ಪದವೀಧರರೂ ಅಂಗಡಿ ಹಾಕ್ಬೇಕು ಅಂತ ಏನಿದೆ.

ಕಾಲೇಜುಗಳಿಗೆ ನಾನು ಹೇಳೋದು ಇಷ್ಟು, ಸ್ಫೂರ್ತಿ ಭಾಷಣ ಅರ್ಧಕ್ಕೆ ಅರ್ಧ ಕಮ್ಮಿ ಮಾಡಿ, ಆ ಟೈಮಲ್ಲಿ ಮಕ್ಕಳನ್ನ ಗಿರಾಕಿ ಹೆಸರು ಬರ್ಕೊಂಡು ಬರೋಕೆ ಊರಿಗೆ ಕಳ್ಸಿ, ಬೇಡ ಅಂದವ್ರ ಹೆಸರು ಮೊದಲು ಕೇಳಿ. ಪ್ರಾಜೆಕ್ಟ್ ರಿಪೋರ್ಟ್ ಹೇಳ್ಕೊಡೋ ದಿನವೇ ಪಹಣಿ ಯಾರ ಹೆಸರಲ್ಲಿದೆ ಅಂತ ನೋಡ್ಸಿ. ಉದ್ರಿ ವಸೂಲಿ ಮೇಲೆ ಒಂದು ಕ್ಲಾಸ್ ಇಡಿ, ಅದನ್ನ ಪ್ರೊಫೆಸರ್ ಕೈಲಿ ಬೇಡ, ಊರಿನ ದಿನಸಿ ಅಂಗಡಿಯವ್ರ ಕೈಲಿ ಮಾಡ್ಸಿ. ಮತ್ತೆ ಶುರು ಮಾಡಿದವ್ರ ಲೆಕ್ಕ ವರದೀಲಿ ಬರೆಯೋ ಹಾಗೇ ಎರಡನೇ ವರ್ಷ ಅವ್ರ ಹತ್ರ ಹೋಗಿ ಬಂದ ಲೆಕ್ಕನೂ ಬರೀರಿ. ಈ ಹುಡುಗಿಗೆ ಜನ ಬೇಕಾಗಿದ್ದು ಶುರುವಲ್ಲಲ್ಲ, ಶುರುವಲ್ಲಿ ಫೋಟೊ ತೆಗೆಯೋಕೆ ಬೇಕಾದಷ್ಟು ಜನ ಇದ್ರು. 2023ರ ಸೆಪ್ಟೆಂಬರಲ್ಲಿ ಆ ಸಸಿ ಇಟ್ಕೊಂಡು ಕೂತಾಗ ಕಾಲೇಜಿಂದ ಒಂದು ಫೋನ್ ಬರ್ಲಿಲ್ಲ.

ಸದ್ಯಕ್ಕೆ ಒಂದು ಸಕ್ಕರೆ ಫ್ಯಾಕ್ಟರಿಯೋರು ಒಂದೂವರೆ ಲಕ್ಷ ಸಸಿ ಕೇಳ್ತಿದಾರೆ, ದುಡ್ಡು ಮಾತ್ರ ರೈತರ ಕಬ್ಬಿನ ಬಿಲ್ಲಲ್ಲಿ ಹಿಡ್ಕೊಂಡು ಆಮೇಲೆ ಕೊಡ್ತಾರಂತೆ. ಅಷ್ಟಕ್ಕೆ ಇನ್ನೈದು ಗುಂಟೆ ನೆರಳು ಬಲೆ ಬೇಕು, ಅಂದ್ರೆ ಇನ್ನೊಂದು ಸಾಲ. ಅಪ್ಪ ತಗೋ ಅಂತಿದಾರೆ, ಕಣ್ಣು ಕೆತ್ತೋ ಅಜ್ಜಿ ಬ್ಯಾಡ ಅಂತಿದೆ. ಅವಳು ಅರ್ಧ ಅಡ್ವಾನ್ಸ್ ಕೊಟ್ರೆ ಮಾತ್ರ ಅಂತ ಫ್ಯಾಕ್ಟರಿಗೂ ಅದೇ ಬಿಲ್ ಬುಕ್ಕಿನ ಚೀಟಿ ಫೋಟೊ ಕಳ್ಸಿದಾಳೆ, ಅವ್ರಿಂದ ಇನ್ನೂ ಉತ್ತರ ಬಂದಿಲ್ಲ.